ಆನೆ, ಅದರ ಬಳಗ ಮತ್ತು ನಮ್ಮ ಕಬ್ಬು
(ಸಭಾಸದರ ಸಭೆಯಲ್ಲಿ ಮಾಡಿದ ಭಾಷಣ)



ಸಕ್ಕರೆ ಕಾರಖಾನೆಯ ಸಭೆಯಲ್ಲಿ ಆನೆಯ ಮಾತೇಕೆ ಎಂದು ತಾವು ಕೇಳಬಹುದು. ಸಾಂಗಲಿ-ಮಿರಜಿನಿಂದ ಹೆಚ್ಚು ದೂರವಿಲ್ಲದ ನಾಂದಣಿಯ ಜೈನ ಮಠದ ಆನೆ ಮಾಧುರಿಯನ್ನು 2025ರ ಜುಲೈ ತಿಂಗಳಲ್ಲಿ ನ್ಯಾಯಾಲಯದ ಆದೇಶದಂತೆ ಗುಜರಾತದ ಜಾಮನಗರಕ್ಕೆ ಸಾಗಿಸಲಾಯಿತು. ಸಾವಿರಾರು ಜನ ನಾಂದಣಿಯಿಂದ ಕೊಲ್ಹಾಪುರದವರೆಗೆ ಮೌನವಾಗಿ ನಡೆದರು. ಇನ್ನೊಂದು ಕಡೆ, 2002ರಿಂದೀಚೆಗೆ ಕರ್ನಾಟಕದ ಕಾಡಿನಿಂದ ಬಂದ ಆನೆಗಳು ಮೊದಲು ಸಿಂಧುದುರ್ಗದ ದೋಡಾಮಾರ್ಗದಲ್ಲಿ, ಆಮೇಲೆ ಚಂದಗಡ, ಆಜರಾ ಭಾಗದಲ್ಲಿ ಬೆಳೆಗೆ ನುಗ್ಗಿದವು. ಒಂದು ಆನೆಗಾಗಿ ಅತ್ತೆವು, ಇನ್ನೊಂದಕ್ಕೆ ಶಾಪ ಹಾಕಿದೆವು. ಪ್ರಾಣಿ ಮಾತ್ರ ಒಂದೇ.

ನಮ್ಮದು ಏಷ್ಯಾದ ಜಾತಿ. ತಲೆಯ ಮೇಲೆ ಎರಡು ಉಬ್ಬು, ಸೊಂಡಿಲಿನ ತುದಿಗೆ ಒಂದೇ ಬೆರಳು. ಆಫ್ರಿಕದ ಆನೆಗೆ ಎರಡು ಬೆರಳು, ಕಿವಿಯೂ ದೊಡ್ಡದು. ಸೊಂಡಿಲಿನಲ್ಲಿ ಎಲುಬೇ ಇಲ್ಲ, ಬರೀ ಸ್ನಾಯು. ಅದೇ ಸೊಂಡಿಲಿನಿಂದ ನೆಲದ ಮೇಲಿನ ಕಾಳನ್ನೂ ಎತ್ತುತ್ತದೆ, ಕಬ್ಬನ್ನು ಬುಡಸಮೇತ ಕಿತ್ತು ಕಾಲಿಗೆ ಬಡಿದು ಮಣ್ಣು ಉದುರಿಸುತ್ತದೆ. ಬುಡವೇ ಹೋದ ಮೇಲೆ ಕುಳೆ ಎಲ್ಲಿಂದ ಬರಬೇಕು? ದಿನಕ್ಕೆ ಸುಮಾರು 150 ಕಿಲೋ ಮೇವು, 100 ಲೀಟರಿಗೂ ಮಿಕ್ಕಿ ನೀರು ಬೇಕು. ತಿಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅರಗದೆ ಹೊರಬೀಳುವುದರಿಂದ ಹಗಲು-ರಾತ್ರಿ ತಿರುಗಿ ತಿನ್ನಲೇಬೇಕು. ಹೀಗಿರುವಾಗ ಸಿಹಿ ಕಬ್ಬಿನ ಹೊಲ ಸಿಕ್ಕರೆ ಬಿಡುತ್ತದೆಯೇ?

ಕಾಲನ್ನೂ ನೋಡಿರಿ. ಒಳಗಿನ ಎಲುಬು ಬೆರಳ ತುದಿಯ ಮೇಲೆ ನಿಂತಿದೆ, ಹಿಂದೆ ದಪ್ಪ ಕೊಬ್ಬಿನ ಮೆತ್ತೆ. ಮಣ್ಣಿನ ಮೇಲೆ ನಡೆಯಲು ಆದ ಕಾಲು ಅದು. ವರ್ಷಗಟ್ಟಲೆ ಫರಸಿಯ ಮೇಲೆ ನಿಂತರೆ ಅಂಗಾಲು ಒಡೆಯುತ್ತದೆ, ಉಗುರು ಕೊಳೆಯುತ್ತದೆ, ಕೀಲು ಹಿಡಿಯುತ್ತದೆ.

ಇನ್ನು ಮನೆತನ. ಹಿರಿಯ ಹೆಣ್ಣೇ ಯಜಮಾನಿ. ಜೊತೆಗೆ ತಂಗಿಯರು, ಹೆಣ್ಣುಮಕ್ಕಳು, ಮರಿಗಳು. ಬರಗಾಲದಲ್ಲಿ ನೀರಿನ ನೆಲೆ ನೆನಪಿಡುವವಳು ಅವಳು. ಗರ್ಭ 20ರಿಂದ 22 ತಿಂಗಳು. ಹುಟ್ಟಿದ ಮರಿಯನ್ನು ತಾಯಿಯಷ್ಟೇ ಚಿಕ್ಕಮ್ಮಂದಿರೂ ಕಾಯುತ್ತಾರೆ. ನಮ್ಮ ಕಿವಿಗೆ ಕೇಳದ ತಗ್ಗು ದನಿಯಲ್ಲಿ ದೂರದ ಬಳಗದೊಡನೆ ಮಾತಾಡಿಕೊಳ್ಳುತ್ತವೆ. ಇಂಥ ಜೀವಿಯನ್ನು ಅಂಗಳದಲ್ಲಿ ಒಂಟಿಯಾಗಿ ಕಟ್ಟಿದರೆ, ನಮ್ಮ ಭಕ್ತಿ ಎಷ್ಟೇ ದೊಡ್ಡದಿರಲಿ, ಅದು ಇನ್ನೊಂದು ಆನೆಯ ಜಾಗ ತುಂಬದು. ಇದು ನನ್ನ ಅಭಿಪ್ರಾಯ, ತಾವು ಒಪ್ಪದಿರಬಹುದು.

ಗಂಡು ಮಾತ್ರ 10-15 ವರ್ಷಕ್ಕೆ ಬಳಗ ಬಿಡುತ್ತದೆ. 1980ರ ದಶಕದಲ್ಲಿ ಡಾ. ರಾಮನ್ ಸುಕುಮಾರ್ ಅವರು ಚಾಮರಾಜನಗರ-ಸತ್ಯಮಂಗಲ ಭಾಗದಲ್ಲಿ ಅಭ್ಯಾಸ ಮಾಡಿದಾಗ, ಹಿಂಡಿನ ಹೆಣ್ಣಿಗಿಂತ ಬೆಳೆದ ಗಂಡು ಹಲವು ಪಟ್ಟು ಹೆಚ್ಚು ಸಲ ಹೊಲಕ್ಕೆ ಬರುವುದು ಕಂಡಿತು. ಮೈ ಬಲಿತರೇ ಹೆಣ್ಣು ಸಿಗುವುದು. ಅದಕ್ಕಾಗಿ ಅಪಾಯಕ್ಕೂ ತಲೆಯೊಡ್ಡುತ್ತದೆ.

ತಮ್ಮ ಬೀಗರು, ನೆಂಟರು ಚಂದಗಡದ ಕಡೆ ಇದ್ದರೆ ಅವರಿಗೆ ಹೇಳಿರಿ: ಕಣ್ಣು-ಕಿವಿಗಳ ನಡುವೆ ಮದ ಸುರಿಯುವ ಗಂಡಿನ ಹತ್ತಿರವಾಗಲಿ, ಮರಿಯುಳ್ಳ ತಾಯಿಯ ಹತ್ತಿರವಾಗಲಿ ಹೋಗಬೇಡಿರಿ. ಗುಂಪು ಕಟ್ಟಿ ಕಲ್ಲೆಸೆದರೆ ಅದು ತಿರುಗಿ ಬೀಳುತ್ತದೆ. ಬೇಲಿಗೆ ನೇರ ಕರೆಂಟು ಬಿಡಬೇಡಿರಿ; 1972ರ ವನ್ಯಜೀವಿ ಕಾಯದೆಯ ಪ್ರಕಾರ ಆನೆಯನ್ನು ಕೊಲ್ಲುವುದು ಅಪರಾಧ, ಮೇಲಾಗಿ ಆ ತಂತಿಗೆ ಮೊದಲು ಕೈ ತಾಗುವುದು ರಾತ್ರಿ ನೀರು ಬಿಡಲು ಹೋದ ಮನೆಯ ಮಗನದೇ ಆಗಬಹುದು. ಹೊಲ ತುಳಿದರೆ ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿರಿ. ಪಂಚನಾಮೆ ಆಗುವವರೆಗೆ ಬಿದ್ದ ಕಬ್ಬನ್ನು ಕಡಿಯಬೇಡಿರಿ.