ದಿನಕ್ಕೊಂದು ಸಬಕ್, ದಿನಕ್ಕೊಂದು ಸಾಲು

(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣ)



ಟ್ರಸ್ಟಿನ ಪದಾಧಿಕಾರಿಗಳೇ, ದಾನಿಗಳೇ, ವಿಜಯಪುರ ನಗರದಿಂದ, ತಿಕೋಟಾ ಮತ್ತು ಬಬಲೇಶ್ವರದ ಕಡೆಯಿಂದ ಬಂದಿರುವ ತಂದೆ-ತಾಯಂದಿರೇ, ಪ್ರೀತಿಯ ಮಕ್ಕಳೇ,

ಇಂದು ನಿಮ್ಮ ಕೈಸೇರುವ ಹಣದಿಂದ ಈ ವರ್ಷದ ಫೀ ತುಂಬಬಹುದು. ಆದರೆ ಕಲಿಯುವ ಕೆಲಸವನ್ನು ಯಾವ ದಾನಿಯೂ ನಿಮ್ಮ ಪರವಾಗಿ ಮಾಡಲಾರರು. ಕನ್ನಡ ಅಥವಾ ಉರ್ದು ಶಾಲೆಯಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ, ಡಿಪ್ಲೊಮಾಕ್ಕೆ ಬಂದ ಮಗುವಿಗೆ ಇಂಗ್ಲಿಷ್ ಪುಸ್ತಕ ಬೆಟ್ಟದಂತೆ ಕಾಣುತ್ತದೆ. ಇವತ್ತಿನ ಪಾಠ ನಾಳೆಗೆ, ನಾಳಿನದು ಪರೀಕ್ಷೆಯ ಹಿಂದಿನ ರಾತ್ರಿಗೆ ಹೋಗುತ್ತದೆ. ಕಾಲೇಜು ಬಿಡುವ ಮಾತು ಬರುವುದು ಫೀ ಇಲ್ಲದಾಗ ಮಾತ್ರವಲ್ಲ, ಹೀಗೆ ಹಿಂದೆ ಬಿದ್ದಾಗಲೂ ಬರುತ್ತದೆ.

ಇದಕ್ಕೆ ದಾರಿ ನಮ್ಮ ಮದರಸಾಗಳಲ್ಲೇ ಇದೆ. ಹಿಫ್ಝ್ ಮಾಡುವ ಹುಡುಗನ ದಿನದಲ್ಲಿ ಮೂರು ಕೆಲಸಗಳಿರುತ್ತವೆ. ಹೊಸ ಪಾಠ ಸಬಕ್. ಇತ್ತೀಚೆಗೆ ಕಲಿತದ್ದನ್ನು ಮತ್ತೆ ಒಪ್ಪಿಸುವುದು ಸಬ್ಕಿ. ಹಳೆಯ ಪಾರಾಗಳನ್ನು ಸರದಿಯಂತೆ ಒಪ್ಪಿಸುವುದು ಮಂಜಿಲ್. ಎಲ್ಲಿಯವರೆಗೆ ಆಯಿತು, ಎಲ್ಲಿ ತಪ್ಪಿತು ಎಂಬುದಕ್ಕೆ ಉಸ್ತಾದರು ಗುರುತು ಇಡುತ್ತಾರೆ. ಸಬಕ್ ಕೆಲವೇ ಸಾಲು ಇರಬಹುದು. ಆದರೂ 30 ಪಾರಾಗಳು ಹೀಗೆಯೇ ಎದೆಗೆ ಇಳಿಯುತ್ತವೆ. ಕುರ್‌ಆನ್ ಕೂಡ ಪ್ರವಾದಿ ಮುಹಮ್ಮದ್ (ಸ) ಅವರಿಗೆ ಸುಮಾರು 23 ವರ್ಷಗಳಲ್ಲಿ ಹಂತ ಹಂತವಾಗಿ ಅವತೀರ್ಣವಾಯಿತು. ಸ್ವಲ್ಪವೇ ಆದರೂ ನಿತ್ಯ ನಡೆಯುವ ಕೆಲಸ ಅಲ್ಲಾಹನಿಗೆ ಪ್ರಿಯ ಎಂಬ ಅರ್ಥದ ಹದೀಸ್ ನಮಗೆಲ್ಲ ಗೊತ್ತು.

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿ, 1885ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಲಿತದ್ದು ಬೇಗ ಮರೆಯುವುದು ಮೊದಮೊದಲೇ. ನಡುವೆ ಬಿಡುವು ಕೊಟ್ಟು ಮತ್ತೆ ಮತ್ತೆ ಕಲಿತರೆ ಅದು ಉಳಿಯುತ್ತದೆ. ಸಬ್ಕಿ, ಮಂಜಿಲ್ ಇರುವುದು ಇದಕ್ಕಾಗಿಯೇ.

ಮಕ್ಕಳೇ, ಇದನ್ನೇ ನಿಮ್ಮ ಕಾಲೇಜಿನ ಪಾಠಕ್ಕೂ ತನ್ನಿ. ಒಂದು ವಹಿ ಸಾಕು. ರಾತ್ರಿ ಪುಸ್ತಕ ಮುಚ್ಚಿ, ತಾರೀಖು ಹಾಕಿ, ಅಂದು ಕಲಿತ ಒಂದು ಹೊಸ ವಿಷಯವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ಕನ್ನಡವಾಗಲಿ, ಉರ್ದುವಾಗಲಿ. "ಭೌತಶಾಸ್ತ್ರ ಓದಿದೆ" ಎಂದು ಬರೆದರೆ ಉಪಯೋಗವಿಲ್ಲ. "ಅದೇ ದಪ್ಪದ ತಂತಿ ಎರಡು ಪಟ್ಟು ಉದ್ದವಾದರೆ ರೋಧವೂ ಎರಡು ಪಟ್ಟು" ಎಂದು ಬರೆಯಿರಿ. ಬಳಿಕ ನಿನ್ನೆಯದನ್ನು, ಹೋದ ವಾರದ್ದನ್ನು ನೋಡದೆ ಹೇಳಿಕೊಳ್ಳಿ. ಬಂದರೆ ಸರಿ ಗುರುತು, ಬಾರದಿದ್ದರೆ ಸುತ್ತು ಹಾಕಿ. ಭಾನುವಾರ ಸುತ್ತು ಹಾಕಿದ್ದನ್ನಷ್ಟೇ ಓದಿ. ತಪ್ಪಿದ ದಿನವನ್ನು ಖಾಲಿ ಬಿಡಿ, ಸುಳ್ಳು ತುಂಬಬೇಡಿ. ಇದಕ್ಕೆ 15 ನಿಮಿಷ ಸಾಕು.

ಹೊತ್ತೆಲ್ಲಿದೆ ಎನ್ನುವವರು ನಮ್ಮ ಊರಿನ ಫ.ಗು. ಹಳಕಟ್ಟಿಯವರನ್ನು ನೆನೆಯಲಿ. ವಕೀಲಿಗೆಂದು ಇಲ್ಲಿಗೆ ಬಂದ ಅವರು ಕೋರ್ಟಿನ ಕೆಲಸದ ನಡುವೆಯೇ ತಾಳೆಗರಿ ಹುಡುಕಿ, ಓದಿ, ವಚನಗಳನ್ನು ಕೂಡಿಸಿದರು. 'ವಚನಶಾಸ್ತ್ರ ಸಾರ'ದ ಮೊದಲ ಭಾಗ ಹೊರಬಂದದ್ದು 1923ರಲ್ಲಿ.

ತಂದೆ-ತಾಯಂದಿರೇ, ನಮಗೆ ಓದು ಬಾರದು, ಮಗುವಿನ ಕಲಿಕೆ ಹೇಗೆ ನೋಡಲಿ ಎನ್ನಬೇಡಿ. ದ್ರಾಕ್ಷಿ ತೋಟದಲ್ಲಿ ಚಾಟ್ನಿಯ ದಿನದಿಂದ ದಿನ ಎಣಿಸಿ, ಯಾವ ಔಷಧ ಯಾವಾಗ ಹೊಡೆದೆವು ಎಂದು ಲೆಕ್ಕ ಇಡುವುದು ನಿಮಗೆ ಹೊಸದಲ್ಲ. ಹಾಗೆಯೇ ಸಂಜೆ ಕೇಳಿ: "ಇವತ್ತ ಏನ್ ಕಲಿತಿ? ನನಗ ತಿಳಿಯುವಂಗ ಹೇಳು." ಓದು ಬಾರದ ಅಮ್ಮೀಗೆ ತಿಳಿಯುವಂತೆ ಹೇಳಬಲ್ಲ ಮಗು ಪಾಠವನ್ನು ನಿಜವಾಗಿ ಕಲಿತಿದೆ. ಇನ್ನೊಂದು ಮಾತು. ಮಗನಿಗೆ ಬಿಡುವ ಓದಿನ ಹೊತ್ತನ್ನು ಮಗಳಿಗೂ ಬಿಡಿ. ಅವಳ 15 ನಿಮಿಷ ರೊಟ್ಟಿ, ಪಾತ್ರೆಯ ಕೆಲಸಕ್ಕೆ ಹೋಗದಿರಲಿ.

ಟ್ರಸ್ಟಿನವರಲ್ಲಿ ನನ್ನ ವಿನಂತಿ: ಮುಂದಿನ ವರ್ಷ ನವೀಕರಣಕ್ಕೆ ಬರುವ ಮಕ್ಕಳು ಅಂಕಪಟ್ಟಿಯೊಂದಿಗೆ ಈ ವಹಿಯನ್ನೂ ತರಲಿ. ಹಣ ತಡೆಯಲು ಅಲ್ಲ, ಎಲ್ಲಿ ಹೆಚ್ಚು ಸುತ್ತುಗಳಿವೆಯೋ ಅಲ್ಲಿ ಕಲಿಸುವವರನ್ನು ಹುಡುಕಿಕೊಡಲು. ದಾನಿಗಳಲ್ಲಿ ಶಿಕ್ಷಕರು, ಇಂಜಿನಿಯರರು, ಲೆಕ್ಕ ಬಲ್ಲವರು ಇದ್ದರೆ, ಹಣದ ಜೊತೆಗೆ ವಾರಕ್ಕೊಂದು ಗಂಟೆಯನ್ನೂ ಕೊಡಲಿ. ಅದೂ ಸದಕಾ.

ಮಕ್ಕಳೇ, ಮೊದಲ ಸಾಲನ್ನು ಇಂದು ರಾತ್ರಿಯೇ ಬರೆಯಿರಿ. ಅಲ್ಲಾಹನು ನಿಮ್ಮ ಜ್ಞಾನವನ್ನು ಹೆಚ್ಚಿಸಲಿ, ಕೊಟ್ಟವರ ದಾನವನ್ನು ಸ್ವೀಕರಿಸಲಿ. ಆಮೀನ್.