ಚಂದಾ ಎತ್ತುವ ಮೊದಲು
(ಸದಸ್ಯರ ಸಭೆಯಲ್ಲಿ ಆಡಿದ ಮಾತು)



ಲೆಕ್ಕ ಬರೆಯುವ ನಮ್ಮಂಥವರನ್ನು ಮಾತಿಗೆ ಕರೆದರೆ ವ್ಯಾಟ್ ಬಗ್ಗೆ ಕೊರೆಯುತ್ತಾರೆ ಅಂತ ನೀವು ಹೆದರಿರಬಹುದು. ಇವತ್ತು ವಾಟ್ಸಾಪ್ ವಿಷಯ.

ಹೋದ ವರ್ಷ ಸೈಟಿನಲ್ಲಿ ಬಿದ್ದು ಕಾಲು ಮುರಿದ ನಮ್ಮೂರ ಹುಡುಗನಿಗಾಗಿ ನಾವು ನಾಲ್ಕೈದು ಮಂದಿ ಅವನ ಫೋಟೋ, ಒಂದು ಖಾತೆ ನಂಬರ್ ಹಾಕಿ ಗ್ರೂಪಿಗೆ ಮೆಸೇಜ್ ಬಿಟ್ಟೆವು. ಹತ್ತೇ ನಿಮಿಷದಲ್ಲಿ ಹಿರಿಯ ಕಾಕ ಒಬ್ಬರ ಫೋನ್: "ಮೊದಲು ಅದನ್ನು ಅಳಿಸಿ ಮಕ್ಕಳೇ, ಆಮೇಲೆ ಮಾತಾಡುವ."

ಯುಎಇಯ 2021ರ ದೇಣಿಗೆ ಕಾನೂನಿನ ಪ್ರಕಾರ ಪರವಾನಗಿ ಇರುವ ಸಂಸ್ಥೆಗಳು ಮಾತ್ರ ಚಂದಾ ಎತ್ತಬಹುದು, ನಾವು ನೀವು ಎತ್ತುವಂತಿಲ್ಲ. ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಫೋಟೋ ಹಂಚುವುದು ಅದೇ ವರ್ಷದ ಸೈಬರ್ ಕಾನೂನಿನಲ್ಲಿ ಅಪರಾಧ. ಸುಳ್ಳು ಸುದ್ದಿ ಹಬ್ಬಿಸಿದರೆ ಕನಿಷ್ಠ ಒಂದು ವರ್ಷ ಜೈಲು, ಒಂದು ಲಕ್ಷ ದಿರ್ಹಮ್ ದಂಡ. ಊರಲ್ಲಿ ಶಾಲು ಹಿಡಿದು ಸಹಾಯ ಎತ್ತಿ ಬೆಳೆದ ನಮಗೆ ಇದು ಬಿಗಿಯೆನಿಸಿತು, ಈಗಲೂ ಅನಿಸುತ್ತದೆ.

ಆದರೆ ನಾಚಿಕೆಯ ವಿಷಯ ಬೇರೆ ಇದೆ. ಕೆಲಸದಲ್ಲಿ ಗಾಯವಾದರೆ ಚಿಕಿತ್ಸೆಯ ಖರ್ಚು ಕಂಪನಿಯದ್ದು. ಚಿಕಿತ್ಸೆ ನಡೆಯುವಷ್ಟು ದಿನ, ಆರು ತಿಂಗಳವರೆಗೆ ಪೂರ್ತಿ ಸಂಬಳ. ಇನ್ನೂ ವಾಸಿಯಾಗದಿದ್ದರೆ ಮತ್ತೆ ಆರು ತಿಂಗಳು ಅರ್ಧ. ಇದು ಕಾರ್ಮಿಕ ಕಾನೂನು. ಬಿಕಾಂ ಓದಿದ ನಮಗೇ ಅದು ನೆನಪಾಗಲಿಲ್ಲ! ಅವನ ಸಂಬಳದ ಚೀಟಿ ತರಿಸಿ ನೋಡಿದರೆ 'ಸಂಬಳರಹಿತ ರಜೆ' ಎಂದಿತ್ತು. ಆಸ್ಪತ್ರೆ ಕಾಗದ, ಚೀಟಿ, ಕರಾರು ಪತ್ರ ಜೋಡಿಸಿ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಿಸಿದೆವು. ಬಾಕಿ ಎರಡು ತಿಂಗಳ ಸಂಬಳ ಅವನ ಕಾರ್ಡಿಗೆ ಬಂತು. ನಮ್ಮ ಚಂದಾ ಅಷ್ಟು ಆಗುತ್ತಿತ್ತೋ ಇಲ್ಲವೋ.