ಊರಿನ ಮಾತು ಕಾಗದಕ್ಕೆ ಏರಬೇಕು
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಎರಡು ಮಾತನಾಡಿ ಎಂದು ಆಡಳಿತ ಮಂಡಳಿಯವರು ಹೇಳಿದ್ದಾರೆ. ಲೀಟರು, ಫ್ಯಾಟು, ಬೋನಸ್ಸಿನ ಲೆಕ್ಕವನ್ನು ಕಾರ್ಯದರ್ಶಿಗಳು ಆಗಲೇ ಓದಿದ್ದಾರೆ. ನಾವು ಬೇರೆ ಒಂದು ವಿಷಯ ಹೇಳಬೇಕು ಅಂತ ಬಂದಿದ್ದೇವೆ. ನೀರು ಮೇವು ಇದ್ದರೆ ಹಸು, ಹಸು ಇದ್ದರೆ ಸಂಘ. ಆ ನೀರಿಗೂ ಮೇವಿಗೂ ಕುತ್ತು ತರಬಹುದಾದ ದೊಡ್ಡ ಕೆಲಸ ಊರ ಪಕ್ಕ ಶುರುವಾಗುವ ಮೊದಲು ಊರಿನವರನ್ನು ಕೇಳಬೇಕು ಎಂದು ಕಾನೂನು ಇದೆ. ಕೇಳಿದಾಗ ಹೇಗೆ ಹೇಳಬೇಕು ಅನ್ನುವುದು ನಮಗೇ ಗೊತ್ತಿರಲಿಲ್ಲ. ಅದರಿಂದ ಏನಾಯಿತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಗುಡ್ಡದಲ್ಲಿ ಕಲ್ಲು ಕ್ವಾರಿಗಳ ವಿಚಾರವಾಗಿ ಪರಿಸರದ ಸಾರ್ವಜನಿಕ ಅಹವಾಲು ಸಭೆ ಕರೆದಿದ್ದರು. ಶಾಮಿಯಾನ ಹಾಕಿದ್ದರು, ಮೈಕು ಇತ್ತು, ಅಧಿಕಾರಿಗಳು ಬಂದಿದ್ದರು. ನಾವೂ ಟ್ರ್ಯಾಕ್ಟರ್ ಮಾಡಿಕೊಂಡು ಹೋದೆವು. ಹೋದವರೆಲ್ಲ ಒಟ್ಟಿಗೇ ಕೂಗಿದೆವು. "ಕ್ವಾರಿ ಬೇಡ, ಬೇಡ" ಅಂದೆವು. ಮೇವಿನ ಮೇಲೆ ಧೂಳು ಕೂರುತ್ತದೆ, ಸಿಡಿಮದ್ದಿಗೆ ಕೆರೆ ಏರಿ ಬಿರುಕು ಬಿಡುತ್ತದೆ, ಬೋರು ಒಣಗುತ್ತದೆ ಎಂದು ಒಬ್ಬರ ಮಾತಿನ ಮೇಲೆ ಒಬ್ಬರು ಹೇಳಿದೆವು. ಸಂಜೆ ನಾಲ್ಕೂವರೆ ಆಯಿತು. ಹಾಲು ಕರೆಯುವ ಹೊತ್ತು. ಎಲ್ಲರೂ ಎದ್ದು ಮನೆಗೆ ಬಂದೆವು.

ನಾವು ಎದ್ದು ಬಂದ ಮೇಲೆಯೇ ಸಭೆಯ ಮುಖ್ಯ ಕೆಲಸ ನಡೆದದ್ದು. ಸಭೆಯ ನಡಾವಳಿಯನ್ನು ಅಲ್ಲೇ ಕನ್ನಡದಲ್ಲಿ ಓದಿ ಹೇಳಿ ಸಹಿ ಮಾಡಬೇಕು ಎಂದು ನಿಯಮ. ಓದಿದರಂತೆ, ಕೇಳಲು ಇದ್ದದ್ದು ಖಾಲಿ ಕುರ್ಚಿ. ಆಮೇಲೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಆ ಪ್ರತಿ ತರಿಸಿಕೊಂಡು ನೋಡಿದರೆ "ಗ್ರಾಮಸ್ಥರು ವಿರೋಧ ವ್ಯಕ್ತಪಡಿಸಿದರು" ಎಂದು ಒಂದು ಸಾಲು. ಧೂಳಿಲ್ಲ, ಕೆರೆ ಏರಿಯಿಲ್ಲ, ಬೋರಿಲ್ಲ. ಪರವಾನಗಿ ಬಂತು, ಷರತ್ತುಗಳೂ ಬಂದವು. ನಮ್ಮ ಕೆರೆಯ ಹೆಸರು ಆ ಷರತ್ತಿನಲ್ಲಿ ಎಲ್ಲೂ ಇರಲಿಲ್ಲ. ತಪ್ಪು ಬರೆದವರದ್ದು ಎಷ್ಟೋ, ಎದ್ದು ಬಂದ ನಮ್ಮದೂ ಅಷ್ಟೇ.

ಬಂಧುಗಳೇ, ಈ ಹಕ್ಕು ಸುಮ್ಮನೆ ಬಂದದ್ದಲ್ಲ. 1976ರಲ್ಲಿ ಕುದುರೆಮುಖದ ಅದಿರು ಕಂಪೆನಿ ಸ್ಥಾಪನೆಯಾದಾಗ ಜನರನ್ನು ಕೇಳಬೇಕು ಎಂಬ ನಿಯಮವೇ ಇರಲಿಲ್ಲ. ಅದೇ ಬೆಟ್ಟದ ಸಾಲಿನಲ್ಲಿ ಹುಟ್ಟುವ ಭದ್ರೆ ನಮ್ಮ ಲಕ್ಕವಳ್ಳಿ ಅಣೆಕಟ್ಟೆಗೆ ಬರುತ್ತಾಳೆ. ಅದಿರಿನ ಹೂಳು ನದಿಗೆ ಸೇರುತ್ತಿದೆ ಎಂಬ ದೂರು ಕೊನೆಗೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2002ರಲ್ಲಿ ತೀರ್ಪು ಬಂತು, 2005ರ ಡಿಸೆಂಬರ್ ಕೊನೆಗೆ ಗಣಿ ನಿಂತಿತು. ಮೊದಲೇ ಕೇಳಿದ್ದರೆ ಇಷ್ಟು ವರ್ಷದ ಜಗಳ ಬೇಕಿತ್ತೇ? ದೇಶದಲ್ಲಿ ಪರಿಸರ ಪರಿಣಾಮ ನೋಡಬೇಕು ಎಂಬ ಅಧಿಸೂಚನೆ ಬಂದದ್ದು 1994ರಲ್ಲಿ. ಜನರ ಸಭೆ ಕಡ್ಡಾಯವಾದದ್ದು 1997ರಲ್ಲಿ. ಈಗ ನಡೆಯುತ್ತಿರುವುದು 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಪ್ರಕಾರ.

ಅದರಲ್ಲಿ ಏನಿದೆ ಎಂದು ನಮಗೆ ತಿಳಿದಂತೆ ಹೇಳುತ್ತೇವೆ. ಸಭೆ ನಡೆಸುವವರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವರು. ಅಧ್ಯಕ್ಷತೆ ಡಿ.ಸಿ. ಸಾಹೇಬರದ್ದು, ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕಡಿಮೆಯಿಲ್ಲದ ಅವರ ಪ್ರತಿನಿಧಿಯದ್ದು. ಕನಿಷ್ಠ 30 ದಿನ ಮುಂಚೆ ಪೇಪರಿನಲ್ಲಿ ಪ್ರಕಟಣೆ ಬರಬೇಕು, ಅದರಲ್ಲಿ ಒಂದು ನಮ್ಮ ಭಾಷೆಯ ಪತ್ರಿಕೆ ಇರಬೇಕು. ಸಭೆ ಯೋಜನೆಯ ಜಾಗದಲ್ಲೋ ಅದರ ಹತ್ತಿರವೋ ಆಗಬೇಕು. ಇಷ್ಟೇ ಜನ ಬರಬೇಕು ಎಂಬ ಕೋರಂ ಇಲ್ಲ. ನಾವು ಹೋಗದಿದ್ದರೂ ಸಭೆ ಆಯಿತು ಅಂತಲೇ ಲೆಕ್ಕ! ನಮ್ಮ ಸಂಘದ ವಾರ್ಷಿಕ ಸಭೆ ಹಾಗಲ್ಲ, ಇದನ್ನು ನೆನಪಿಡಿ. ಸಭೆಯನ್ನು ವಿಡಿಯೋ ಮಾಡಬೇಕು. ಬಂದ ಪ್ರತಿಯೊಬ್ಬರಿಗೂ ಕೇಳಲು, ಹೇಳಲು ಅವಕಾಶ ಕೊಡಬೇಕು.

ಇನ್ನು ಮಾಡಬೇಕಾದ್ದು. ಮೊದಲನೆಯದು, ಸಭೆಗೆ ಮುಂಚೆ ಕರಡು ವರದಿ ನೋಡುವುದು. ಅದರ ಸಾರಾಂಶ ಕನ್ನಡದಲ್ಲೂ ಇರಬೇಕು. ಡಿ.ಸಿ. ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಸಂಬಂಧಪಟ್ಟ ಗ್ರಾಮ ಪಂಚಾಯಿತಿ, ಇಲ್ಲೆಲ್ಲ ಕಚೇರಿ ವೇಳೆಯಲ್ಲಿ ಯಾರು ಬೇಕಾದರೂ ಹೋಗಿ ಓದಬಹುದು. ನಮ್ಮ ಕೆರೆ, ಹಳ್ಳ, ಗೋಮಾಳ, ಶಾಲೆ ಅದರಲ್ಲಿ ಇದೆಯೋ ಇಲ್ಲವೋ ನೋಡಿ. ಹತ್ತಿರದಲ್ಲಿ ಕೆರೆ ಇಲ್ಲ ಅಂತ ಬರೆದಿದ್ದರೆ ಕೆರೆ ಸರ್ವೆ ನಂಬರು ಕೊಡಿ. ಅದಕ್ಕಿಂತ ದೊಡ್ಡ ಆಕ್ಷೇಪಣೆ ಬೇರೆ ಇಲ್ಲ.

ಎರಡನೆಯದು, ಬರೆದುಕೊಡುವುದು. ಮಾತಾಡಲು ಆಗದವರು, ಬರಲು ಆಗದವರು ಲಿಖಿತವಾಗಿ ಕೊಡಬಹುದು. ಒಂದು ಹಾಳೆ ಸಾಕು. "ಬೇಡ" ಎಂದಷ್ಟೇ ಬರೆದರೆ ಉತ್ತರ ಕೊಡುವವರಿಗೆ ಸಲೀಸು. "ನಮ್ಮ ಬೋರು ಇಷ್ಟು ಅಡಿ ಆಳ, ಬೇಸಿಗೆಯಲ್ಲಿ ಇಷ್ಟು ಹೊತ್ತು ನೀರು, ಇದರ ಮೇಲೆ ಇಷ್ಟು ಹಸು, ಇಷ್ಟು ತೆಂಗು. ನೀರು ಇಳಿದರೆ ಏನು ಮಾಡುತ್ತೀರಿ?" ಎಂದು ಬರೆದರೆ ಅವರು ಉತ್ತರ ಹುಡುಕಲೇಬೇಕು. ಜನ ಎತ್ತಿದ ಪ್ರಶ್ನೆ, ಯೋಜನೆಯವರ ಉತ್ತರ ಎರಡೂ ನಡಾವಳಿಯ ಜೊತೆ ಹೋಗಬೇಕು ಎಂದು ಅಧಿಸೂಚನೆಯೇ ಹೇಳುತ್ತದೆ. ಎರಡು ಪ್ರತಿ ಮಾಡಿ, ಒಂದಕ್ಕೆ ಮೊಹರು ಹಾಕಿಸಿ ಸಹಿ ತೆಗೆದುಕೊಂಡು ಮನೆಗೆ ತನ್ನಿ.

ಮೂರನೆಯದು, ಕೊನೆವರೆಗೂ ಕೂರುವುದು. ಅರ್ಧ ಜನ ಹಾಲು ಕರೆಯಲು ಬನ್ನಿ, ಅರ್ಧ ಜನ ನಡಾವಳಿ ಓದುವವರೆಗೂ ಅಲ್ಲೇ ಇರಿ. ಬಿಟ್ಟುಹೋದದ್ದನ್ನು ಅಲ್ಲೇ ಹೇಳಿ ಬರೆಸಿ.

ಎಲ್ಲ ಕೆಲಸಕ್ಕೂ ಸಭೆ ಇರುವುದಿಲ್ಲ, ಇದನ್ನೂ ಹೇಳಬೇಕು. ಒಂಟಿಯಾಗಿರುವ ಐದು ಹೆಕ್ಟೇರ್ ಒಳಗಿನ ಕ್ವಾರಿಗೆ ಅಹವಾಲು ಸಭೆ ಇಲ್ಲ. ಆದರೆ ಒಂದರ ಗಡಿಗೂ ಇನ್ನೊಂದರ ಗಡಿಗೂ 500 ಮೀಟರಿಗಿಂತ ಕಡಿಮೆ ಇರುವ ಕ್ವಾರಿಗಳನ್ನು ಗುಂಪು ಎಂದು ಲೆಕ್ಕ ಹಾಕುತ್ತಾರೆ. ಗುಂಪು ಐದು ಹೆಕ್ಟೇರ್ ಮೀರಿದರೆ ಸಭೆ ಬೇಕು. ಹಾಗಾಗಿ ಗುಡ್ಡದಲ್ಲಿ ಎಷ್ಟು ಕ್ವಾರಿ ಇವೆ ಎಂಬ ಲೆಕ್ಕ ಊರಿನವರ ಹತ್ತಿರ ಇರಬೇಕು. ಹಳೆಯ ನೀರಾವರಿ ಕಾಲುವೆಗಳ ಆಧುನೀಕರಣಕ್ಕೂ ಸಭೆಯಿಂದ ವಿನಾಯಿತಿ ಇದೆ. ಇನ್ನು ಕೇಂದ್ರದವರು ಗೆಜೆಟ್‌ನಲ್ಲಿ ಕರಡು ಹೊರಡಿಸಿ ಆಕ್ಷೇಪಣೆ ಕೇಳುವುದು ಬೇರೆ ದಾರಿ. 2024ರ ಜುಲೈ 31ರಂದು ಪಶ್ಚಿಮಘಟ್ಟದ ಆರನೇ ಕರಡು ಬಂದಾಗ 60 ದಿನ ಕೊಟ್ಟಿದ್ದರು. ನಮ್ಮ ಜಿಲ್ಲೆಯ ಮಲೆನಾಡಿನ ಹಳ್ಳಿಗಳು ಅದರಲ್ಲಿದ್ದವು. ಅಂಥದ್ದಕ್ಕೆ ಸಭೆಯ ಶಾಮಿಯಾನ ಇರುವುದಿಲ್ಲ, ಬರೆದೇ ಕಳಿಸಬೇಕು. ಪರವಾನಗಿ ಕೊಟ್ಟುಬಿಟ್ಟರೂ ಎಲ್ಲ ಮುಗಿಯಲಿಲ್ಲ. 30 ದಿನದೊಳಗೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬಹುದು, ದಕ್ಷಿಣದ ಪೀಠ ಚೆನ್ನೈನಲ್ಲಿದೆ. ಆದರೆ ಅಲ್ಲಿಯೂ ಮೊದಲು ಕೇಳುವುದು, ನೀವು ಆಗ ಏನು ಬರೆದುಕೊಟ್ಟಿದ್ದಿರಿ ಅಂತಲೇ.

ನಾವು ಯಾವ ಯೋಜನೆಯೂ ಬೇಡ ಎನ್ನುವವರಲ್ಲ. ಕಡೂರಿನ ಕಡೆ ತೆಂಗು ಸುಳಿ ಒಣಗಿದ್ದನ್ನು ನೋಡಿದವರಿಗೆ ನೀರಿನ ಬೆಲೆ ಗೊತ್ತು. ಭದ್ರಾ ಮೇಲ್ದಂಡೆ ನೀರು ಅಜ್ಜಂಪುರದ ಸುರಂಗ ದಾಟಿ ಬಂದಾಗ ಸಂತೋಷಪಟ್ಟವರಲ್ಲಿ ನಾವೂ ಇದ್ದೇವೆ. ಅದೇ ಕಾಲುವೆಗೆ ಜಮೀನು ಕೊಟ್ಟ ತರೀಕೆರೆ, ಅಜ್ಜಂಪುರ ಕಡೆಯ ನೆಂಟರೂ ನಮಗೆ ಇದ್ದಾರೆ. ಬೇಕು ಅನ್ನುವವರೂ ಬರೆಯಲಿ, ಬೇಡ ಅನ್ನುವವರೂ ಬರೆಯಲಿ, ಹೀಗೆ ಮಾಡಿದರೆ ಬೇಕು ಅನ್ನುವವರೂ ಬರೆಯಲಿ. ಊರಲ್ಲಿ ಇದಕ್ಕಾಗಿ ಜಗಳ ಬೇಡ.

ಕೊನೆಯದಾಗಿ ಸಂಘಕ್ಕೆ ಒಂದು ವಿನಂತಿ. ಪೇಪರು ಎಲ್ಲರೂ ಓದುವುದಿಲ್ಲ, ಪಂಚಾಯಿತಿಗೂ ದಿನಾ ಯಾರೂ ಹೋಗುವುದಿಲ್ಲ. ಆದರೆ ಡೈರಿಗೆ ಊರಿಗೆ ಊರೇ ದಿನಕ್ಕೆ ಎರಡು ಸಲ ಬರುತ್ತದೆ. ಇಂಥ ಪ್ರಕಟಣೆ ಬಂದ ದಿನವೇ ಹಾಲು ಅಳೆಯುವ ಜಾಗದ ಪಕ್ಕದ ಬೋರ್ಡಿನಲ್ಲಿ ಅಂಟಿಸೋಣ, ಓದಲು ಬಾರದವರಿಗೆ ಓದಿ ಹೇಳೋಣ. ಓದಿದ ಹುಡುಗ ಹುಡುಗಿಯರು ನಾಲ್ಕು ಜನ ಕೂತು ಆಕ್ಷೇಪಣೆ ಬರೆದುಕೊಡಲಿ. ಮೊಹರು ಬಿದ್ದ ಪ್ರತಿಗಳಿಗೆ ಸಂಘದ ಬೀರುವಿನಲ್ಲಿ ಒಂದು ಫೈಲು ಇರಲಿ.

ಇಪ್ಪತ್ತೈದು ವರ್ಷ ಪ್ರತಿಯೊಬ್ಬರ ಹಾಲನ್ನೂ ಅಳೆದು ಬರೆದುಕೊಂಡದ್ದರಿಂದಲೇ ಈ ಸಂಘ ಉಳಿದಿದೆ. ಮಾತನ್ನೂ ಹಾಗೆಯೇ ಬರೆದಿಡೋಣ.